ಇಬ್ಬರಿಗೆ ಒಂದೇ ಸೀಟು

ಹೆಂಡತಿ: ಒಂದೇ ಸೀಟು ಅಂದ್ರೆ ಹೇಗೆ ಮೇಡಂ? ನಮಗಿರೋದು ಇಬ್ರು.

ಮೇಡಂ: ಗೊತ್ತಮ್ಮ. ಆದ್ರೆ ಬಿಟ್ಟು ಹೋಗ್ತಿರೋ ಹುಡುಗಿ ಒಬ್ಳೇ. ಹೋಗ್ತಾ ಇನ್ನೊಬ್ಳನ್ನೂ ಕರ್ಕೊಂಡು ಹೋಗು ಅಂತ ನಾನು ಹೇಳೋಕಾಗುತ್ತಾ?

ಗಂಡ: ಕೇಳಿ ನೋಡ್ಬೋದಿತ್ತು.

ಶಾಲೆ ಶುರುವಾಗುವ ಮೊದಲು ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದ ಆಫೀಸು ಅದು. ಆಫೀಸೆಂದರೆ ಆಟದ ಕೋಣೆಯ ಒಂದು ಮೂಲೆ, ಅಷ್ಟೇ. ಕುರ್ಚಿಗಳೆಲ್ಲ ಐದು ವರ್ಷದವರ ಅಳತೆಯವು, ಅವುಗಳಲ್ಲೊಂದರಲ್ಲಿ ಕೂತ ಗಂಡನ ಮೊಣಕಾಲು ಅವನ ಗದ್ದಕ್ಕೇ ತಾಗುತ್ತಿತ್ತು, ಏಳಲು ಹೋದರೆ ಕುರ್ಚಿಯೂ ಜೊತೆಗೇ ಏಳುತ್ತಿತ್ತು. ಅವನು ಬೇಕರಿಯಲ್ಲಿ ಬ್ರೆಡ್ ಮಾಡುವವನು, ನಸುಕಿಗೇ ಒಲೆಯ ಮುಂದೆ ನಿಂತಿರಬೇಕು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಈಗ ಅವಳನ್ನೇ ಲ್ಯಾಬಿಗೆ ಮುಖ್ಯಸ್ಥೆ ಮಾಡುತ್ತೇವೆ, ಆದರೆ ಬೆಳಗ್ಗೆ ಏಳಕ್ಕೆ ಬಂದಿರಬೇಕು, ಆಗುತ್ತೋ ಇಲ್ಲವೋ ಇವತ್ತೇ ಹೇಳಿಬಿಡಿ ಎಂದಿದ್ದರು. ಶಾಲೆ ಬಾಗಿಲು ತೆರೆಯುವುದು ಒಂಬತ್ತಕ್ಕೆ. ನಡುವಿನ ಎರಡು ಗಂಟೆ ಅವಳಿ ಗಂಡುಮಕ್ಕಳನ್ನು ಎಲ್ಲಿ ಬಿಡುವುದು? ಅದೊಂದಕ್ಕೆ ಉತ್ತರ ಸಿಕ್ಕಿದ್ದರೆ ಇವರು ಈ ಕುರ್ಚಿಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತಲೇ ಇರಲಿಲ್ಲ.

ಮೇಡಂ: ವೇಯ್ಟಿಂಗ್ ಲಿಸ್ಟಲ್ಲಿ ನಿಮ್ಮೋರೇ ಮೊದಲು. ಆ ಸೀಟು ನಿಮ್ದೇ. ಯಾರನ್ನ ಕಳಿಸ್ತೀರ ಅದನ್ನ ಹೇಳಿ.

ಗಂಡ: ದೊಡ್ಡೋನ್ನ.

ಹೆಂಡತಿ: ಯಾಕಂತೆ ದೊಡ್ಡೋನು?

ಗಂಡ: ಸೀನಿಯಾರಿಟಿ ಕಣೇ.

ಹೆಂಡತಿ: ಹತ್ತು ನಿಮಿಷಕ್ಕೆ ಎಂಥ ಸೀನಿಯಾರಿಟಿ ರೀ? ಆಮೇಲೆ ಚಿಕ್ಕೋನು ಎಲ್ಲಿರ್ತಾನೆ, ನನ್ನ ಹ್ಯಾಂಡ್‌ಬ್ಯಾಗಲ್ಲಾ?

ಗಂಡ: ನನ್ನ ಜೊತೆ ಬೇಕರಿಗೆ ಬರ್ತಾನೆ.

ಹೆಂಡತಿ: ಹೋದ ವಾರ ಹೋಗಿದ್ರಲ್ಲ ಇಬ್ರೂ. ಮೂರಂತಸ್ತಿನ ಕೇಕಿಗೆ ಬಾಗಿಲು ಕೊರೆದಿಟ್ರು.

ಗಂಡ: ಬಾಗಿಲು ಚೆನ್ನಾಗೇ ಬಂದಿತ್ತು.

ಹೆಂಡತಿ: ನಿಮ್ಮ ಓನರ್ ಹಾಗಂದ್ರಾ?

ಗಂಡ: ಓನರ್ ಏನೂ ಅನ್ಲಿಲ್ಲ. ಅವ್ರಿಗೆ ಮಾತೇ ನಿಂತೋಯ್ತು.

ಮೇಡಂ ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ಗಂಡನಿಗೆ ಅನಿಸಿ ಧೈರ್ಯ ಬಂತು. ಕುರ್ಚಿಯ ಸಮೇತ ಮೇಜಿನ ಹತ್ತಿರಕ್ಕೆ ಸರಿದ.

ಗಂಡ: ನೋಡಿ ಮೇಡಂ, ನಮ್ಮೋರಿಬ್ರೂ ಅಚ್ಚು ಒಂದೇ ಥರ. ಇಬ್ರೂ ಬರ್ತಾರೆ. ಒಬ್ಬ ಇಲ್ಲಿ ಆಡ್ತಿರ್ತಾನೆ, ಒಬ್ಬ ಬಾತ್‌ರೂಮಲ್ಲಿರ್ತಾನೆ. ಸ್ವಲ್ಪ ಹೊತ್ತಾದ್ಮೇಲೆ ಅದಲು ಬದಲು. ಯಾರು ಯಾವಾಗ ತಲೆ ಎಣಿಸಿದ್ರೂ ಒಂದೇ ತಲೆ.

ಮೇಡಂ: ಇನ್‌ಸ್ಪೆಕ್ಷನ್‌ಗೆ ಬಂದೋರು ಬಾತ್‌ರೂಮನ್ನೂ ನೋಡ್ತಾರೆ ಸಾರ್.

ಗಂಡ: ಮಗು ಒಳಗಿದೆ ಅಂದ್ರೂ ನೋಡ್ತಾರಾ? ಎಂಥಾ ಜನ.

ಹೆಂಡತಿ: ರೀ, ನೀವು ಬ್ರೆಡ್ಡಿನ ವಿಷಯ ಬಿಟ್ಟು ಬೇರೆ ಯೋಚ್ನೆ ಮಾಡ್ಬೇಡಿ. ಮೇಡಂ, ಅಷ್ಟು ದೊಡ್ಡ ರೂಮಿದೆ. ಆ ಕಿಟಕಿ ಪಕ್ಕ ಎಲ್ಲಾ ಖಾಲಿ ಹೊಡೀತಿದೆ. ಇನ್ನೊಂದು ಮಗು ಹಿಡಿಸಲ್ವಾ?

ಮೇಡಂ: ಜಾಗಕ್ಕೇನೂ ಬರ ಇಲ್ಲಮ್ಮ. ಹತ್ತು ಮಕ್ಕಳಿಗೆ ಒಬ್ರು ಆಯಾ ಇರ್ಲೇಬೇಕು ಅಂತ ರೂಲ್ಸು. ಬೆಳಗ್ಗೆ ಬರೋದು ಇಬ್ರೇ. ಇಪ್ಪತ್ತಕ್ಕೆ ನಿಂತೋಯ್ತು.

ಹೆಂಡತಿ: ಇನ್ನೊಬ್ರನ್ನ ಇಟ್ಕೊಳಿ.

ಮೇಡಂ: ಇಟ್ಕೊಂಡಿದ್ದೀನಿ. ಅವ್ರು ಬರೋದು ಒಂಬತ್ತೂವರೆಗೆ, ಸ್ಕೂಲಿಗೆ ಹೋಗದ ಪುಟಾಣಿಗಳನ್ನ ನೋಡ್ಕೊಳೋಕೆ.

ಹೆಂಡತಿ: ಒಂಬತ್ತೂವರೆವರೆಗೂ ನಿದ್ದೆನಾ?

ಮೇಡಂ: ಅಲ್ಲಮ್ಮ, ಮಗಳನ್ನ ಸ್ಕೂಲಿಗೆ ಬಿಟ್ಟು ಬರ್ಬೇಕಲ್ಲ.

ಹೆಂಡತಿ: ಬೇಗ ಹೊರಡೋದು. ಸ್ಕೂಲು ತೆಗೆಯೋವರೆಗೂ ಮಗಳನ್ನ ನೋಡ್ಕೊಳೋ ಕಡೆ ಎಲ್ಲಾದ್ರೂ ಬಿಟ್ರಾಯ್ತು.

ಮೇಡಂ: ಎಲ್ಲಿ?

ಹೆಂಡತಿ ಹೇಳಲು ಬಾಯಿ ತೆರೆದಳು. ಸುತ್ತ ಇದ್ದ ಪುಟ್ಟ ಮೇಜು, ಗೋಡೆಗೆ ಅಂಟಿಸಿದ ಬಣ್ಣದ ಆನೆ, ಸಾಲಾಗಿ ತೂಗುಹಾಕಿದ್ದ ಸಣ್ಣ ಸಣ್ಣ ಬ್ಯಾಗು ಎಲ್ಲವನ್ನೂ ಒಂದು ಸುತ್ತು ನೋಡಿದಳು. ಬಾಯಿ ಮುಚ್ಚಿದಳು.

ಮೇಡಂ: ಅವ್ಳೂ ಲಿಸ್ಟಲ್ಲೇ ಇದ್ದಾಳೆ. ನಿಮ್ಮ ಹುಡುಗ್ರ ಹಿಂದೇನೇ. ಸ್ಟಾಫ್ ಮಕ್ಕಳು ಅಂತ ಮುಂದೆ ತಳ್ಳೋ ಹಾಗಿಲ್ಲ.

ಗಂಡ: ಒಂದ್ನಿಮಿಷ, ಒಂದ್ನಿಮಿಷ. ಆ ಹುಡುಗಿಗೆ ಸೀಟು ಸಿಕ್ರೆ ಅವಳಮ್ಮ ಬೆಳಗ್ಗೆನೇ ಬರ್ತಾರೆ. ಅವಳಮ್ಮ ಬಂದ್ರೆ ಮೂರು ಜನ ಆಯಾ. ಅಂದ್ರೆ ಇನ್ನೂ ಹತ್ತು ಸೀಟು.

ಮೇಡಂ: ಹೌದು.

ಹೆಂಡತಿ: ಹೌದಾ? ಮತ್ತೆ ಇಷ್ಟು ಹೊತ್ತು ಯಾಕೆ ಬಾಯಿ ಬಿಡ್ಲಿಲ್ಲ ನೀವು?

ಮೇಡಂ: ಸ್ವಲ್ಪ ಹಿಂದೆ ಸರೀರಿ, ನಮ್ಮ ಆಯಾ ಮಗಳು ಮೊದಲು ಬರ್ಲಿ ಅಂತ ನಾನೇ ಹೇಳಿದ್ರೆ ನೀವು ಕಂಪ್ಲೇಂಟ್ ಬರೀತಿದ್ರಿ.

ಹೆಂಡತಿ: ಬರೀತಿದ್ದೆ.

ಗಂಡ: ಬರೆದಿದ್ದಾಳೆ.

ಹೆಂಡತಿ: ರೀ.

ಗಂಡ: ಕಳಿಸಿಲ್ಲ ಮೇಡಂ.

ಕೈಗೆ ಬಂದ ಸೀಟನ್ನು ಬೇರೆ ಮಗುವಿಗೆ ಬಿಟ್ಟುಕೊಟ್ಟು, ಆಮೇಲೆ ಆಯಾ ಬರದೇ ಹೋದರೆ? ಅದೂ ಇಲ್ಲ, ಇದೂ ಇಲ್ಲ. ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಆನೆಯ ಮುಖ ನೋಡಿದ.

ಹೆಂಡತಿ: ಕೊಟ್ಬಿಡಿ ಮೇಡಂ. ಆ ಹುಡುಗಿಗೇ ಕೊಟ್ಬಿಡಿ. ಆಯಾನ ಕರೀರಿ, ಈಗ್ಲೇ ಮಾತಾಗ್ಲಿ.

ಆಯಾ ಬಂದಳು. ಸೊಂಟದ ಮೇಲೊಂದು ಪುಟಾಣಿ, ಸೆರಗು ಹಿಡಿದು ಇನ್ನೊಂದು. ಮೇಡಂ ವಿಷಯ ಹೇಳುತ್ತಿದ್ದಂತೆ ಅವಳ ಮುಖ ಅರಳಿತು, ಅರಳಿದ್ದು ಅರ್ಧಕ್ಕೇ ನಿಂತಿತು.

ಆಯಾ: ನಂಗೇನೋ ತುಂಬ ಖುಷಿ ಅಕ್ಕಾ. ಆದ್ರೆ ಅವ್ಳನ್ನ ಒಂದ್ಮಾತು ಕೇಳ್ಬೇಕಲ್ಲ.

ಹೆಂಡತಿ: ಯಾರನ್ನ, ನಿಮ್ಮತ್ತೇನಾ?

ಆಯಾ: ಅತ್ತೆ ಪರವಾಗಿಲ್ಲ, ಒಪ್ತಾರೆ. ಮಗಳನ್ನ. ಇಲ್ಲಿಗೆ ಬಾ ಅಂದ್ರೆ, ಮನೇಲೂ ನೀನೇ, ಅಲ್ಲೂ ನೀನೇನಾ ಅಂತಾಳೆ.

ಗಂಡ: ಅವ್ಳು ಹೇಳೋದ್ರಲ್ಲೂ ಒಂದು ಪಾಯಿಂಟ್ ಇದೆ.

ಹೆಂಡತಿ: ನೀವು ಸುಮ್ನಿರಿ. ಅಲ್ಲಮ್ಮಾ, ನನ್ನ ಪ್ರಮೋಷನ್ನು ಈಗ ಆರು ವರ್ಷದ ಹುಡುಗಿ ಕೈಲಿದೆ ಅಂತೀಯಾ?

ಆಯಾ: ಐದೂವರೆ ಅಕ್ಕಾ. ಈಗಷ್ಟೇ ಒಂದನೇ ಕ್ಲಾಸು.

ಮೇಡಂ: ಆ ಸೀಟು ಹೇಗೂ ಖಾಲಿಯಾಗೋದು ಮುಂದಿನ ವಾರ. ಅಲ್ಲಿವರೆಗೆ ಯಾರಿಗೂ ಕೊಡಲ್ಲ.

ಆಯಾ: ಹಾಗಾದ್ರೆ ಒಂದು ಕೆಲ್ಸ ಮಾಡೋಣ. ಮುಂದಿನ ಸೋಮವಾರ ನಿಮ್ಮ ಹುಡುಗ್ರನ್ನ ಕರ್ಕೊಂಡು ಬನ್ನಿ, ನಾನೂ ಅವ್ಳನ್ನ ಕರ್ಕೊಂಡು ಬರ್ತೀನಿ. ಒಂದೇ ಥರದ ಇಬ್ರನ್ನ ಅವ್ಳು ಎಲ್ಲೂ ನೋಡಿಲ್ಲ. ನೋಡಿದ್ರೆ ಮನಸ್ಸು ಬದಲಾಯಿಸ್ಬೋದು.

ಅಷ್ಟರಲ್ಲಿ ಹೆಂಡತಿಯ ಫೋನು ಹೊಡೆದುಕೊಂಡಿತು. ಲ್ಯಾಬಿನಿಂದ. ಇವತ್ತೇ ಉತ್ತರ ಬೇಕೆಂದವರು ಸಂಜೆಯ ತನಕವೂ ಕಾದಿರಲಿಲ್ಲ. ಅವಳು ಎದ್ದು ನಿಂತಳು, ಕಿಟಕಿಯವರೆಗೆ ನಡೆದಳು, ಒಂದು ಉಸಿರು ಎಳೆದುಕೊಂಡಳು.

ಹೆಂಡತಿ: ಹೂಂ ಸಾರ್, ಬರ್ತೀನಿ. ಏಳಕ್ಕೆ, ಖಂಡಿತ. ಒಪ್ಕೊಂಡೆ ಅಂತಾನೇ ಬರ್ಕೊಳಿ... ಮನೆಯೋರು ಒಪ್ಕೊಂಡಿದ್ದಾರೆ ಸಾರ್, ಇಲ್ಲೇ ಇದ್ದಾರೆ... ಇನ್ನೊಬ್ರು ಒಪ್ಕೊಳೋದಿದೆ, ಅಷ್ಟೇ... ಇಲ್ಲ ಸಾರ್, ಅವ್ರ ಹತ್ರ ನೀವು ಮಾತಾಡಿ ಪ್ರಯೋಜನ ಇಲ್ಲ. ಒಂದನೇ ಕ್ಲಾಸಲ್ಲಿದ್ದಾರೆ. ಮುಂದಿನ ಸೋಮವಾರ ಬಂದು ಕಾಣೋಕೆ ಹೇಳಿದ್ದಾರೆ.