ಸಂತಪುರದಾಚೆ ಒಂದು ರಾತ್ರಿ

‘ಟಪ್’ ಎಂದಿತು.

ದೊಡ್ಡ ಶಬ್ದವೇನಲ್ಲ. ಮನೆಯಲ್ಲಾಗಿದ್ದರೆ ಶರ್ವರಿ ಮಗ್ಗಲು ಬದಲಿಸಿ ಮಲಗುತ್ತಿದ್ದಳು. ಆದರೆ ಅವಳು ಮಲಗಿದ್ದು ಸಂತಪುರದಾಚೆ, ತೊಗರಿ ಹೊಲದ ಬದಿಗೆ ನಿಲ್ಲಿಸಿದ ತನ್ನ ಹಳೆಯ ವ್ಯಾನಿನೊಳಗೆ, ಒಬ್ಬಳೇ. ಬಾಗಿಲಿನ ಲಾಕನ್ನು ಆಗಲೇ ಮೂರು ಸಲ ನೋಡಿದ್ದಳು. ಈಗ ಮತ್ತೊಮ್ಮೆ ನೋಡಿದಳು. ಹಾಕಿಯೇ ಇತ್ತು. ಹಾಗಾದರೆ ಶಬ್ದ ಹೊರಗಿನದಲ್ಲ, ಒಳಗಿನದು. ಇದು ಹೊಳೆದ ಮೇಲೆ, ಹಾಕಿದ ಲಾಕೇ ಅವಳನ್ನು ಹೆಚ್ಚು ಹೆದರಿಸತೊಡಗಿತು.

ಇದಕ್ಕೆಲ್ಲ ಮೂಲ ಅತ್ತೆ ಜಾನಕಿಬಾಯಿ ಹಾಕಿದ ಷರತ್ತು.

ಬೀದರಿನ ಕಾಲೇಜೊಂದರಲ್ಲಿ ಇತಿಹಾಸ ಹೇಳುವ ಶರ್ವರಿಗೆ, ಒಬ್ಬಳೇ ಗಾಡಿ ಓಡಿಸಿಕೊಂಡು ಕನ್ಯಾಕುಮಾರಿಯ ತನಕ ಹೋಗಬೇಕು, ಸಿಕ್ಕಲ್ಲಿ ನಿಲ್ಲಿಸಿ ಮಲಗಬೇಕು ಎಂಬ ಆಸೆ. ಅದಕ್ಕಾಗಿ ಹಳೆಯ ವ್ಯಾನ್ ಕೊಂಡು, ಹಿಂದಿನ ಸೀಟು ಕಿತ್ತಿಸಿ ಮಂಚ ಕೂಡಿಸಿದ್ದಳು. ಪರದೆ ಹೊಲಿದಿದ್ದಳು, ಸಣ್ಣ ಗ್ಯಾಸ್ ಒಲೆ ಇಟ್ಟಿದ್ದಳು. ಗಂಡ ಮಂಗೇಶ, “ಆಯಿ ಹೂಂ ಅಂದ್ರ ನಂದೂ ಹೂಂ” ಎಂದು ಪೇಪರಿನ ಹಿಂದೆ ಅಡಗಿದ್ದ.

ಮನೆಯವರೆಲ್ಲ ಆಯಿ ಎನ್ನುವ ಜಾನಕಿಬಾಯಿ ಬಿಗಿ ಕೈಯವರು. ಯಾರೂ ಇಲ್ಲದ ಕೋಣೆಯ ಬಲ್ಬನ್ನಷ್ಟೇ ಅಲ್ಲ, ಜನ ಕೂತಿರುವ ಕೋಣೆಯದನ್ನೂ ಆರಿಸಿ ಹೋಗುವವರು.

“ಹಲ್ಲಿ ಲೊಚಗುಟ್ಟಿದ್ರ ಚಾದರ ಹೊದ್ಕೋತಿ, ನೀ ಕನ್ಯಾಕುಮಾರಿಗೆ ಹೋಗಾಕಿ?” ಎಂದು ನಕ್ಕಿದ್ದರು. “ಮೊದಲ ಭಾಲ್ಕಿ, ಔರಾದ ತಿರುಗಿ, ಒಂದು ರಾತ್ರಿ ಗಾಡ್ಯಾಗ ಒಬ್ಬಾಕಿನೇ ಮಲಗಿ ಬಾ. ಮಲಗಿದ್ಯೋ, ನಾನೇ ತೆಂಗಿನಕಾಯಿ ಒಡದು ಕಳಸ್ತೇನಿ. ಓಡಿ ಬಂದ್ಯೋ, ಗಾಡಿ ಸಾಜಿದಗ.”

ಸಾಜಿದ ಓಣಿಯ ಮೂಲೆಯಲ್ಲಿ ಎಗ್ ರೈಸ್ ಮಾರುವವನು. ಷರತ್ತು ಕೇಳಿದಂದಿನಿಂದ ವ್ಯಾನನ್ನು ಕಣ್ಣಲ್ಲೇ ಅಳೆಯುತ್ತಿದ್ದ. ಹೊರಡುವ ಮುಂಜಾನೆ ಬೀಳ್ಕೊಡಲೂ ಬಂದ.

“ಆರಾಮ ಹೋಗಿ ಬರ್ರಿ ಮೇಡಮ್ಮರ. ಎಲ್ಲಿ ಬೇಕಲ್ಲಿ ಹೆದರ್ರಿ. ಖರೆ, ಬಾಜೂ ಬಾಗಿಲಿಗಿ ಏನೂ ಬಡಸ್ಕೋಬ್ಯಾಡ್ರಿ. ಅಲ್ಲೇ ನಂದು ತವಾ ಕೂಡೂದದ.”

ಭಾಲ್ಕಿಯಲ್ಲಿ ಸಹೋದ್ಯೋಗಿ ಪೂನಮಳ ತಾಯಿ ಮೀರಾಬಾಯಿಯನ್ನು ಮಾತಾಡಿಸಿ ಹೊರಡುವುದೆಂದಿತ್ತು. ಅವರು ಮಂಚ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು.

“ಗಾಡ್ಯಾಗ ಮಲಗ್ತಿ? ಯಾಕವಾ, ನಮ್ಮ ಮನಿ ಬಿದ್ದು ಹೋಗ್ಯಾದೇನು? ಮೀರಾಬಾಯಿ ಮನಿಗಿ ಬಂದ ಹೆಣಮಗಳು ರೋಡಿನ್ಯಾಗ ಮಲಗಿದ್ಲು ಅಂದ್ರ ನಾ ಮಂದಿಗಿ ಮಾರಿ ಹ್ಯಾಂಗ ತೋರಿಸ್ಲಿ?”

ಹಾಗೆನ್ನುತ್ತ ಗಾಡಿಯ ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಶರ್ವರಿ ಎರಡು ಸಲ ಊಟ ಮಾಡಬೇಕಾಯಿತು. ಒಮ್ಮೆ ಅತಿಥಿಯಾಗಿ, ಇನ್ನೊಮ್ಮೆ ಚಾವಿಗಾಗಿ. ಬಿಡುವಾಗಲೂ ಬರಿಗೈಯಲ್ಲಿ ಬಿಡಲಿಲ್ಲ. ಶೇಂಗಾ ಚಟ್ನಿ, ಉಪ್ಪಿನಕಾಯಿ, ದೋಸೆ ಹಿಟ್ಟಿನ ಡಬ್ಬಿ, ಒಂದು ಕುಂಬಳಕಾಯಿ, ಎಲ್ಲ ಮಂಚದ ಕೆಳಗೆ ಸೇರಿದವು.

ಔರಾದ ಮುಟ್ಟಿದಾಗ ಬಿಸಿಲು ಇಳಿದಿತ್ತು. ಬಸ್ ನಿಲ್ದಾಣದ ಹತ್ತಿರ ಗಾಳಿಯಾಡಲೆಂದು ಬಾಜೂ ಬಾಗಿಲು ತೆರೆದು, ನೀರು ತರಲು ಹೋದಳು. ಬರುವಷ್ಟರಲ್ಲಿ ಮುದುಕನೊಬ್ಬ ಚಪ್ಪಲಿ ಬಿಟ್ಟು, ಒಳಗೆ ಅಂಗಾತ ಮಲಗಿದ್ದ.

“ಯಾರ್ರಿ ನೀವು?”

“ಮಾಣಿಕ ಅಂತ ಬರಕೋರಿ ಡಾಕ್ಟರಬಾಯಿ. ಎಡಗಣ್ಣ ಮಂಜ ಆಗ್ಯಾದ.”

“ನಾ ಡಾಕ್ಟರ ಅಲ್ಲರಿ! ಇದು ದವಾಖಾನಿ ಗಾಡಿ ಅಲ್ಲ!”

“ಹೋದ ವರ್ಷನೂ ಬಿಳಿ ಗಾಡಿನೇ ಬಂದಿತ್ತು. ಹಿಂಗೇ ಪರದೆ, ಹಿಂಗೇ ಮಂಚ. ಚಸ್ಮಾದ ಬಾಯಿನೇ ಇದ್ಲು.” ಶರ್ವರಿ ಚಸ್ಮಾ ತೆಗೆದು ಚೀಲಕ್ಕೆ ಹಾಕಿದಳು. “ನೀವು ಅಲ್ಲಂದ್ರ ಅಡ್ಡಿಯಿಲ್ಲರಿ. ಡಾಕ್ಟರ ಬರೂ ತನಕ ಮಲಗಿರ್ತೇನಿ.”

ಮರುಕ್ಷಣವೇ ಗೊರಕೆ. ಅಷ್ಟರಲ್ಲಿ ಹೊರಗೆ ಸಾಲು ಬೆಳೆದಿತ್ತು. “ಬಿಪಿನೂ ನೋಡ್ತೀರೇನ್ರಿ?” ಎಂದು ಒಬ್ಬಾಕೆ ಆಗಲೇ ತೋಳು ಚಾಚಿಕೊಂಡು ನಿಂತಿದ್ದಳು. ಎಲ್ಲರಿಗೂ ಕೈಮುಗಿದು ಕಳಿಸಿ, ಮಾಣಿಕನನ್ನು ಎಬ್ಬಿಸುವಷ್ಟರಲ್ಲಿ ಕತ್ತಲಾಯಿತು. ಅವನು ಕಣ್ಣುಜ್ಜಿಕೊಂಡು, “ಭಾಳ ಹಗುರ ಆತ್ರಿ. ನಿಮ್ಮ ಕೈಗುಣ ಛಲೋ ಅದ” ಎಂದು ಹರಸಿ ಹೋದ. ಅವಳ ಮಂಚದ ಮೇಲೆ ಮೊದಲ ನಿದ್ದೆ ಮುಗಿಸಿದ್ದು ಅವನೇ.

ಸಂತಪುರ ದಾಟಿ, ಜನರಿಲ್ಲದ ಕಡೆಯೇ ಒಳ್ಳೆಯದೆಂದು ಹೊಲದ ಬದಿಗೆ ನಿಲ್ಲಿಸಿದ್ದಳು. ಈಗ ನೋಡಿದರೆ, ‘ಟಪ್’.

ಕಿವಿಗೊಟ್ಟಳು. ಇನ್ನೊಂದು ‘ಟಪ್’. ಬಳಿಕ ಮಂಚದ ಕೆಳಗಿನಿಂದ ಯಾರೋ ನಿಟ್ಟುಸಿರು ಬಿಟ್ಟಂತೆ ‘ಸ್ಸ್ಸ್...’

ಶರ್ವರಿ ಸ್ಟಿಯರಿಂಗಿನ ಹಿಂದೆ ಹೇಗೆ ಬಂದು ಕೂತಳೋ ಅವಳಿಗೇ ತಿಳಿಯಲಿಲ್ಲ. ಹಿಂತಿರುಗಿ ನೋಡದೆ ಓಡಿಸಿದಳು. ಬೀದರಿನ ದೀಪಗಳು ಕಂಡಾಗ ಧೈರ್ಯ ಬಂತು, ಜೊತೆಗೇ ಸಾಜಿದನ ತವಾ ಕಣ್ಣ ಮುಂದೆ ಬಂತು. ಮುಂಬಾಗಿಲಿಗೆ ಹೋಗುವಂತಿರಲಿಲ್ಲ. ಮನೆಯ ಹಿಂದಿನ ಸಂದಿಯಲ್ಲಿ ಸದ್ದಿಲ್ಲದೆ ಗಾಡಿ ನಿಲ್ಲಿಸಿದಳು. ಕಗ್ಗತ್ತಲು. ಹಿಂದಿನ ಮಂಚಕ್ಕೆ ಹೋಗಲು ಧೈರ್ಯ ಸಾಲದೆ ಸೀಟಿನಲ್ಲೇ ಮುದುಡಿ ಕೂತಳು. ಸ್ವಲ್ಪ ಹೊತ್ತಿಗೆ ಹಿತ್ತಲಿನ ಬಲ್ಬು ಹತ್ತಿಕೊಂಡಿತು. ಕರೆಂಟು ಬಂದಿರಬೇಕು, ಪುಣ್ಯ, ಎಂದುಕೊಂಡು ಆ ಬೆಳಕಿನಲ್ಲಿ ನಿದ್ದೆ ಹೋದಳು.

ನಸುಕಿನಲ್ಲಿ ಛತ್ರಿ ಹಿಡಿದು ಮಂಚದ ಕೆಳಗೆ ಬಗ್ಗಿದಳು. ಡಬ್ಬಿಯ ಮುಚ್ಚಳ ಹಾರಿಬಿದ್ದಿತ್ತು. ರಾತ್ರಿಯಿಡೀ ಉಬ್ಬಿದ ದೋಸೆ ಹಿಟ್ಟು ಕುಂಬಳಕಾಯಿಯನ್ನು ಅಪ್ಪಿಕೊಂಡು ಹರಿದಿತ್ತು. ಅವಳನ್ನು ಬೀದರಿನ ತನಕ ಅಟ್ಟಿಸಿಕೊಂಡು ಬಂದದ್ದು ಮೀರಾಬಾಯಿಯ ಪ್ರೀತಿ.

ಎಲ್ಲ ಒರೆಸಿ, ಊರು ಸುತ್ತು ಹಾಕಿ, ಮುಂದಿನ ಬೀದಿಯಿಂದ ಹಾರ್ನ್ ಹೊಡೆಯುತ್ತ ಬಂದಳು. ಓಣಿ ನೆರೆಯಿತು. ಜಾನಕಿಬಾಯಿ ಎಲ್ಲರೆದುರು ತೆಂಗಿನಕಾಯಿ ಒಡೆದು, “ನಮ್ಮ ಸೊಸಿ ಹುಲಿ ಅದಾಳ್ರಿ!” ಎಂದರು. ಸಾಜಿದನ ಮುಖ ತಣ್ಣಗಾದ ಆಮ್ಲೆಟ್ಟಿನಂತೆ ಇಳಿಯಿತು.

ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಇಬ್ಬರೇ ಉಳಿದಾಗ ಜಾನಕಿಬಾಯಿ ಚಹಾ ಸೋಸುತ್ತ ಕೇಳಿದರು.

“ನಿದ್ದಿ ಛಲೋ ಆತೇನು?”

“ಆತ್ರಿ ಆಯಿ. ಸಂತಪುರದ ಕಡಿ ಭಾಳ ಶಾಂತ ಅದರಿ.”

“ಇರ್ತದ. ಆದ್ರ ನೀ ಕತ್ತಲಿಗಿ ಹೆದರ್ತಿ ಅಂತ ನಾ ಹಿತ್ತಲ ಬಲ್ಬು ಹಚ್ಚೇ ಮಲಗಿದ್ದೆ. ಬೆಳತನಕ ಉರೀತು.”

ಚಹಾಕ್ಕೆ ಚಾಚಿದ್ದ ಕಪ್ಪು-ಬಸಿಯನ್ನು ಶರ್ವರಿ ಹಿಂದಕ್ಕೆಳೆದುಕೊಂಡಳು.

“ಆಯಿ, ಅದು ಏನಾತಂದ್ರ...”

“ನಾ ಯಾರಿಗೂ ಹೇಳಂಗಿಲ್ಲ ತಗೋ,” ಎಂದರು ಜಾನಕಿಬಾಯಿ. “ಕನ್ಯಾಕುಮಾರಿಗಿ ಮುಂದಿನ ಸೀಟು ನಂದು. ಸಮುದ್ರ ನಾನೂ ನೋಡಿಲ್ಲ. ಮಂಚನೂ ನಂದೇ, ಮೊಣಕಾಲ ನೋಯ್ತಾವ. ನೀ ಹ್ಯಾಂಗೂ ಸೀಟಿನ್ಯಾಗ ಕೂತೇ ನಿದ್ದಿ ಮಾಡ್ತಿ, ನೋಡೀನಲ್ಲ.”

ಹೋಗುವಾಗ ರೂಢಿಯಂತೆ ಅಡುಗೆಮನೆಯ ಬಲ್ಬು ಆರಿಸಿ ಹೋದರು. ಶರ್ವರಿ ಕತ್ತಲಲ್ಲಿ ಬಸಿ ಹಿಡಿದುಕೊಂಡೇ ನಿಂತಳು. ಓಡಿ ಬಂದದ್ದು ಆಯಿಗೆ ಗೊತ್ತಾಯಿತು, ಹೋಗಲಿ. ಆದರೆ ಓಡಿಸಿದ್ದು ದೋಸೆ ಹಿಟ್ಟು ಎಂಬುದನ್ನು ಮಾತ್ರ ಈ ಜನ್ಮದಲ್ಲಿ ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದಳು.