ನೇರಳೆ ಮರದ ಮುನಿಸಿಗೆ ಕೌನ್ಸೆಲಿಂಗ್

ಕೌನ್ಸೆಲಿಂಗಿಗೆ ಹೋದವರು ಅತ್ತು ಹಗುರಾಗಿ ಬರುತ್ತಾರೆಂದು ಕೇಳಿದ್ದೆ. ನಾವು ಹೋದಾಗಲೆಲ್ಲ ನಗುವಂಥದ್ದು ಏನಾದರೊಂದು ಆಗಿಯೇ ತೀರಿತು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಕಂಪಲಾಪುರಕ್ಕೆ ಸೊಸೆಯಾಗಿ ಬಂದವಳು ನಾನು. ಅಂದಿನಿಂದ ದಿನಚರಿ ಬರೆಯುವುದನ್ನು ತಪ್ಪಿಸಿಲ್ಲ. ಆದ್ದರಿಂದ ಇದರಲ್ಲಿ ಉತ್ಪ್ರೇಕ್ಷೆಯಿಲ್ಲ.

ನಾನು ಓದುತ್ತ ಕೂರುತ್ತಿದ್ದ ನೇರಳೆ ಮರವನ್ನು ನಮ್ಮ ಯಜಮಾನರು ನನ್ನನ್ನು ಕೇಳದೆ ಕಡಿಸಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಹಾಕಿಸಿದರು. ಹನ್ನೊಂದು ತಿಂಗಳು ನಾನು ಅವರೊಂದಿಗೆ ನೇರವಾಗಿ ಮಾತಾಡಲಿಲ್ಲ. ನಮ್ಮ ಕಡೆ ಮುನಿಸಿಕೊಂಡರೆ ಮಾತು ನಿಲ್ಲುವುದಿಲ್ಲ, ಸುತ್ತುಬಳಸಿ ಹೋಗುತ್ತದೆ. "ಊಟ ಆರ್ತಾ ಇದೆ" ಎಂದು ನಾನು ಹಸುವಿಗೆ ಹೇಳುವುದು, "ಹಸಿವಿಲ್ಲ ಕಣವ್ವ" ಎಂದು ಅವರೂ ಹಸುವಿಗೇ ಹೇಳುವುದು. ಕೊನೆಗೆ ಮಗಳು, "ಹೀಗೇ ಇದ್ದು ಹೋಗಿಬಿಡ್ತೀರಾ ಇಬ್ಬರೂ?" ಎಂದು ಕಣ್ಣೀರು ಹಾಕಿ, ಹುಣಸೂರಿನ ಕೌನ್ಸೆಲರ್ ಒಬ್ಬರಲ್ಲಿಗೆ ಕಳಿಸಿದಳು.

ಮೊದಲ ಸಲ

ಇದೂ ಪಂಚಾಯಿತಿಯೇ ಎಂದುಕೊಂಡು ಯಜಮಾನರು ಊರಿನ ಇಬ್ಬರು ಹಿರಿಯರನ್ನು ಕರೆತಂದಿದ್ದರು. ಕೌನ್ಸೆಲರ್ ಮೇಡಂ ನನ್ನ ಮಗಳ ವಯಸ್ಸಿನವರು. "ಯಾರದು ಸರಿ, ಯಾರದು ತಪ್ಪು ಅಂತ ನಾನು ಹೇಳಲ್ಲ. ಕೇಳಿಸ್ಕೊಳ್ತೀನಿ. ಇಲ್ಲಿ ಆಡಿದ ಮಾತು ಹೊರಗೆ ಹೋಗಲ್ಲ. ಹಿರಿಯರು ದಯವಿಟ್ಟು ಆಚೆ ಕೂತಿರಿ" ಎಂದರು.

ಹಿರಿಯರಲ್ಲೊಬ್ಬರು ಟವಲು ಕೊಡವಿಕೊಂಡು ಎದ್ದರು. "ತೀರ್ಪೂ ಇಲ್ಲ, ಮಾತೂ ಆಚೆ ಬರಕಿಲ್ಲ. ಊರಲ್ಲಿ ಜನ ಕಾಯ್ತಾ ಕುಂತವ್ರೆ, ಅವ್ರಿಗೆ ನಾವೇನವ್ವ ಹೇಳಾದು?"

ದಿನಚರಿ ಓದಿದ್ದು

ಎರಡನೆಯ ಸಲ ನಾನು ಪುರಾವೆ ಸಮೇತ ಹೋದೆ. "ಮರ ಹೋದಾಗ ನಿಮಗೆ ಏನನ್ನಿಸ್ತು ಅಮ್ಮ?" ಎಂದರು ಮೇಡಂ. ದಿನಚರಿ ತೆರೆದು ಓದಿದೆ: "ಬೆಳಿಗ್ಗೆ ಹತ್ತೂಕಾಲು. ಮೋಡ. ಆಳು ಮೂವರು."

"ಅದಲ್ಲ. ನಿಮಗೆ ಏನನ್ನಿಸ್ತು?"

ಪುಟ ತಿರುವಿದೆ. ಅದು ಎಲ್ಲೂ ಇರಲಿಲ್ಲ. ಕಣ್ಣು ಮುಚ್ಚಿದೆ. ಮಧ್ಯಾಹ್ನದ ಗಾಳಿ, ತೆರೆದ ಪುಟದ ಮೇಲೆ ಟಪ್ಪೆಂದು ಬೀಳುವ ಹಣ್ಣು, ಅಕ್ಷರಗಳ ನಡುವೆ ಮೆಲ್ಲಗೆ ಹರಡುವ ಬಣ್ಣ. ನೆರಳು ಸರಿದಂತೆ ನಾನೂ ಚಾಪೆಯ ಮೇಲೆ ಸರಿಯುತ್ತಿದ್ದೆ, ಎಚ್ಚರವೋ ನಿದ್ದೆಯೋ ತಿಳಿಯದ ಹಾಗೆ. ಎಷ್ಟು ಹೊತ್ತು ಹೇಳಿದೆನೋ. ಕಣ್ಣು ಬಿಟ್ಟಾಗ ಕೆನ್ನೆ ಒದ್ದೆಯಾಗಿತ್ತು. "ಇದನ್ನ ನಾನು ಬರೆದೇ ಇಲ್ಲ" ಎಂದೆ.

ಯಜಮಾನರು ನನ್ನ ದಿನಚರಿಯ ಕಡೆ ಕೈ ತೋರಿಸಿದರು. "ಬರ್ಕೊಳಾಕೆ ಹೇಳಿ ಮೇಡಂ. ಆಮೇಲೆ ಆಳು ಮೂವರಲ್ಲ, ನಾಕು ಜನ. ಅದನ್ನೂ ತಿದ್ಕೊಳಾಕೆ ಹೇಳಿ" ಎಂದರು.

ಮೂರನೆಯ ಸಲ

"ಇವತ್ತು ನನ್ನ ಮೂಲಕ ಬೇಡ, ನೀವಿಬ್ಬರೇ ಮಾತಾಡಿ" ಎಂದು ಮೇಡಂ ಎದ್ದು ಆಚೆ ಹೋದರು. ಫ್ಯಾನು ತಿರುಗುತ್ತಿತ್ತು. ಯಜಮಾನರು ಮೇಡಂ ಅವರ ಖಾಲಿ ಕುರ್ಚಿಯನ್ನೇ ನೋಡುತ್ತ ಕೂತಿದ್ದವರು, ಮೆಲ್ಲಗೆ ಅದಕ್ಕೆ ಹೇಳಿದರು: "ತಪ್ಪಾಯ್ತು ಅಂತ ಅವಳಿಗೆ ಹೇಳಿ."

ನಾನೂ ಕುರ್ಚಿಯನ್ನೇ ನೋಡಿದೆ. "ಒಂದು ಮಾತು ಕೇಳಬೇಕಿತ್ತು ಅಂತ ಇವರಿಗೆ ಹೇಳಿ."

"ಕೇಳಿದ್ರೆ ಬ್ಯಾಡ ಅಂತಿದ್ಲು. ಅದಕ್ಕೇ ಕೇಳ್ಲಿಲ್ಲ. ಈಗ ಆ ಜಾಗ ನೋಡಾಕಾಗಕಿಲ್ಲ ಅಂತ ಹೇಳಿ."

ಅಷ್ಟರಲ್ಲಿ ಮೇಡಂ ಬಂದು ಕೂರಲು ಹೋದರು. ಯಜಮಾನರು ಕೈ ಅಡ್ಡ ಹಿಡಿದು, "ವಸಿ ತಡೀರಿ, ಮಾತು ಅರ್ಧಕ್ಕದೆ" ಎಂದರು. ನನಗೆ ತಡೆಯಲಾಗಲಿಲ್ಲ. ಅವರ ತೋಳು ಹಿಡಿದು, "ಏನ್ರೀ, ಆ ಹುಡುಗಿ ಕೂತ್ಕೊಳ್ಳಲಿ ಬಿಡ್ರೀ" ಎಂದೆ.

ಹನ್ನೊಂದು ತಿಂಗಳಲ್ಲಿ ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು. ಅವರು ಒದ್ದೆ ಕಣ್ಣಲ್ಲೇ ಮೇಡಂ ಕಡೆ ತಿರುಗಿದರು. "ಬ್ಯಾಸರ ಮಾಡ್ಕೋಬ್ಯಾಡಿ ಕಣವ್ವ, ನಿಮಗಿಂತ ನಿಮ್ಮ ಕುರ್ಚಿನೇ ವಾಸಿ."