ಹಳದಿ ರೈನ್‌ಕೋಟು

ಪ್ರೇಮಾನಂದ ಮೂತ್ರಕ್ಕೆ ಎದ್ದು ಹೋದದ್ದೇ ತಪ್ಪಾಯಿತು.

ಅದು ಫುಟ್‌ಬಾಲ್ ಲೀಗಿನ ಮೊದಲ ಮ್ಯಾಚು. ಉಪ್ಪುಂದದ ಕಡಲ ಬದಿಯಲ್ಲಿ ಚಂದಯ್ಯನ ಬಲೆ ಶೆಡ್ಡಿನೊಳಗೆ ಊರಿನ ಅರ್ಧ ಗಂಡಸರು ಟೀವಿಯ ಮುಂದೆ ಕೂತಿದ್ದರು. ಪ್ರೇಮಾನಂದ ಕೂತಿದ್ದಷ್ಟು ಹೊತ್ತು ಬೆಂಗಳೂರಿನ ನೀಲಿ ತಂಡ ಗೋಲು ತಿನ್ನುತ್ತಲೇ ಇತ್ತು. ಅವನು ಎದ್ದು ಹೊರಗೆ ತೆಂಗಿನ ಬುಡಕ್ಕೆ ಹೋದ. ಒಳಗೆ ನೀಲಿಯವರು ಗೋಲು ಹೊಡೆದರು. ಲುಂಗಿ ಸರಿಮಾಡಿಕೊಂಡು ಓಡಿ ಬಂದು ಕೂತ, ಇನ್ನೊಂದು ತಿಂದರು. ಚಂದಯ್ಯ ಮಾತ್ರ ಒಮ್ಮೆ ತಿರುಗಿ ನೋಡಿದ.

ಚಂದಯ್ಯ ದೋಣಿಯ ತಾಂಡೇಲ, ಮೀನುಗಾರರ ಮುಂದಾಳು. ದೋಣಿ ಇಳಿಸುವ ಹೊತ್ತಿಗೆ ಯಾರ ಮುಖ ಕಂಡರೆ ಬಲೆ ತುಂಬುತ್ತದೆ, ಯಾರ ಮುಖ ಕಂಡರೆ ಬರೀ ಕಸ ಬರುತ್ತದೆ ಎಂಬುದು ಅವನ ತಲೆಯಲ್ಲಿ ಪಕ್ಕಾ ಇತ್ತು. ಮುಂದಿನ ಮ್ಯಾಚುಗಳಲ್ಲಿ ಅವನು ಪ್ರಯೋಗ ಮಾಡಿದ. ಪ್ರೇಮಾನಂದನನ್ನು ಬೀಡಿ ತರಲು ಕಳಿಸಿದರೆ ನಮ್ಮವರ ಗೋಲು. ಬೀಡಿ ತಂದು ಕೊಟ್ಟು ಕೂತರೆ ಎದುರಿನವರ ಗೋಲು. ವಿಜ್ಞಾನಿಗಳು ಇದಕ್ಕಿಂತ ಕಡಿಮೆ ಪುರಾವೆಗೆ ಒಪ್ಪಿಕೊಳ್ಳುತ್ತಾರೆ. ತೀರ್ಪು ಹೊರಬಿತ್ತು: ಪ್ರೇಮಾನಂದ ಬೆಂಗಳೂರಿನ ಮ್ಯಾಚು ನೋಡಬಾರದು.

ಬೇರೆ ಯಾರಿಗಾದರೂ ಇದು ದೊಡ್ಡ ಸಂಗತಿಯಲ್ಲ. ಆದರೆ ಆ ತಂಡದ ಎರಡನೇ ಗೋಲ್‌ಕೀಪರ್ ಅಜಿತ್, ಪ್ರೇಮಾನಂದನ ಅಕ್ಕ ಕುಸುಮಾವತಿಯ ಮಗ. ಊರಿಗೆ ಫುಟ್‌ಬಾಲ್ ಹುಚ್ಚು ಹತ್ತಿದ್ದೇ ಅವನಿಂದ. ಅವನಿಗೆ ಚೆಂಡು ಹಿಡಿಯಲು ಕಲಿಸಿದ್ದು ಪ್ರೇಮಾನಂದ. ಹರಿದ ಬಲೆಗಳ ತೇಲುಬೆಂಡುಗಳನ್ನು ಒಂದೊಂದಾಗಿ ಎಸೆದು ಮರಳಿನ ಮೇಲೆ ಬಿದ್ದು ಹಿಡಿಯುವಂತೆ ಮಾಡುತ್ತಿದ್ದ. ಅಜಿತ್ ಯಾವಾಗಲೂ ಎಡಕ್ಕೇ ಬೀಳುತ್ತಿದ್ದ. ಬಲಕ್ಕೆ ಬೀಳುವುದನ್ನು ಕಲಿಸುವಷ್ಟರಲ್ಲಿ ಮಾವನ ತೋಳು ಸೇದಿಹೋಗಿತ್ತು. ಈ ಸೀಸನ್ ಶುರುವಾಗುವ ಮೊದಲು ಪ್ರೇಮಾನಂದ ಕುಂದಾಪುರಕ್ಕೆ ಹೋಗಿ, ಬೆನ್ನಿಗೆ ‘ಅಜಿತ್’ ಎಂದು ಬರೆಸಿದ ನೀಲಿ ಜರ್ಸಿ ಮಾಡಿಸಿಕೊಂಡು ಬಂದಿದ್ದ. ಚಂದಯ್ಯ ಅದನ್ನೂ ಕಸಿದು ಶೆಡ್ಡಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಅಂಗಿ ತೊಟ್ಟರೂ ಮ್ಯಾಚು ನೋಡಿದ ಹಾಗೇ ಎಂಬುದು ಅವನ ವಾದ.

ಸೀಸನ್ ಇಡೀ ಅಜಿತ್ ಬೆಂಚಿನ ಮೇಲೆ ಕೂತಿದ್ದ. ಬೆಂಚು ನೋಡಲು ಯಾಕೆ ಜಗಳ ಎಂದು ಪ್ರೇಮಾನಂದನೂ ಸುಮ್ಮನಿದ್ದ. ಅವನ ಕಣ್ಣು ಬೀಳದೆ ನೀಲಿ ತಂಡ ಗೆಲ್ಲುತ್ತಾ ಗೆಲ್ಲುತ್ತಾ ಫೈನಲ್ಲಿಗೆ ಬಂತು. ಸೆಮಿಫೈನಲ್ಲಿನಲ್ಲಿ ಮೊದಲನೇ ಗೋಲ್‌ಕೀಪರನ ಭುಜದ ಕೀಲು ಜಾರಿತು. ಕೊಚ್ಚಿಯ ಹಳದಿ ತಂಡದ ಎದುರು ಫೈನಲ್ ಆಡುವವನು ಅಜಿತ್ ಎಂದು ಪೇಪರಿನಲ್ಲೇ ಬಂತು.

ಫೈನಲ್ಲಿನ ದಿನ ಪ್ರೇಮಾನಂದ ಹಲ್ಲುಜ್ಜಿ ಮುಗಿಸುವ ಮೊದಲೇ ಅಕ್ಕ ಒಣ ಸಿಗಡಿಯ ಕಟ್ಟು ಹಿಡಿದು ಜಗಲಿಯಲ್ಲಿ ನಿಂತಿದ್ದಳು. ಕೆರಾಡಿಯಲ್ಲಿರುವ ತನ್ನ ನಾದಿನಿ ಸುಗುಣಳಿಗೆ ಒಣ ಸಿಗಡಿ ತಿನ್ನುವ ಆಸೆಯಾಗಿದೆ, ಇವತ್ತೇ ಕೊಟ್ಟು, ರಾತ್ರಿ ಅಲ್ಲೇ ಉಳಿದು ಬರಬೇಕು ಎಂದಳು.

“ನಾಳಿಗ್ ಹೋತೆ ಅಕ್ಕ,” ಎಂದ ಪ್ರೇಮಾನಂದ.

“ನಾಳಿಗ್ ಅವ್ಳ್ ಬದ್ಕಂಡ್ ಇರ್ತಳಾ ಇಲ್ಯಾ, ಯಾರಿಗ್ ಗೊತ್ತಿತ್ತ್.”

ಸುಗುಣ ಎಂದರೆ ತೋಟಕ್ಕೆ ಬಂದ ಮಂಗಗಳನ್ನು ಗುಡ್ಡದವರೆಗೆ ಅಟ್ಟಿಸಿಕೊಂಡು ಹೋಗುವ ಹೆಂಗಸು. ಪ್ರೇಮಾನಂದ ಬ್ರಶ್ಶು ಬಾಯಿಂದ ತೆಗೆದ.

“ನಿನ್ ಮಗ ಆಡುದ್ ನಾ ಒಂದ್ ಸಲ ಕಾಂಬುಕಾಗ್ದಾ ಅಕ್ಕ?”

“ಕಾಣ್ಲಕ್ಕ್. ಗೆದ್ದ್ ಆದ್ಮೇಲ್ ಅವ ಮನೆಗೇ ಬತ್ತ. ಆಗ್ಳಿಕ್ ಎಷ್ಟ್ ಬೇಕಾರೂ ಕಾಣ್,” ಎಂದು ಕುಸುಮಾವತಿ ಕಟ್ಟನ್ನು ಅವನ ಕೈಗಿಟ್ಟಳು.

ಬಸ್ಸಿನಲ್ಲಿ ಕಂಡಕ್ಟರನೇ ಮೊದಲು ಬಾಯಿಬಿಟ್ಟು, ಕೆರಾಡಿಗೆ ಹೋಗುವುದಲ್ಲವೇ ಎಂದು ಕೇಳಿದ. ಊರಿನ ವಾಟ್ಸಾಪ್ ಗುಂಪಿನಲ್ಲಿ ಪ್ರೇಮಾನಂದನ ಚಲನೆ ಚಂಡಮಾರುತದ ಸುದ್ದಿಯ ಹಾಗೆ ಹರಿದಾಡುತ್ತಿತ್ತು: ನಾವುಂದ ದಾಟಿದ, ಮರವಂತೆ ದಾಟಿದ, ಹೆಮ್ಮಾಡಿಯಲ್ಲಿ ಇಳಿದು ಬಸ್ಸು ಬದಲಿಸಿದ, ಕರಾವಳಿಗೆ ಇನ್ನು ಅಪಾಯವಿಲ್ಲ.

ಕೆರಾಡಿಯಲ್ಲಿ ಸುಗುಣ ಕೋಳಿ ಕೊಯ್ದು ಕಾದಿದ್ದಳು. ಟೀವಿಗೆ ಚಾದರ ಸುತ್ತಿ, ಮೇಲಿಂದ ಕೆಳಗಿನವರೆಗೆ ಹಗ್ಗ ಬಿಗಿದಿದ್ದಳು. ಹೊತ್ತು ಸಾಗಿಸುವುದೊಂದು ಬಾಕಿ ಇದ್ದ ಹೆಣದ ಹಾಗೆ ಅದು ಮೂಲೆಯಲ್ಲಿ ನಿಂತಿತ್ತು. ಕಾಡಿನ ಅಂಚಿನ ಆ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಅಕ್ಕ ಎಲ್ಲ ಯೋಚಿಸಿಯೇ ಕಳಿಸಿದ್ದಾಳೆ ಎಂದು ಪ್ರೇಮಾನಂದನಿಗೆ ಆಗ ಹೊಳೆಯಿತು. ಸುಗುಣ ಅವನಿಗೆ ಬಡಿಸಿದಳು, ಮತ್ತೆ ಬಡಿಸಿದಳು. ತಿಂದು ತಿಂದು ಅವನು ಅಲ್ಲೇ ಉರುಳಿಕೊಳ್ಳಲಿ ಎಂಬುದು ಉಪಾಯ. ಆದರೆ ಜೊತೆಗೆ ತಾನೂ ಉಂಡದ್ದು ಅವಳ ಲೆಕ್ಕ ತಪ್ಪಿಸಿತು. ಚಾವಡಿಯಲ್ಲಿ ಅವಳ ಗೊರಕೆ ಏಳುತ್ತಿದ್ದಂತೆ ಪ್ರೇಮಾನಂದ ಚಪ್ಪಲಿ ಕೈಯಲ್ಲಿ ಹಿಡಿದು ಅಂಗಳ ದಾಟಿದ.

ಬಸ್ಸು ಹತ್ತಿದರೆ ಸುದ್ದಿ ಹೋಗುತ್ತದೆ. ಹೆಮ್ಮಾಡಿಯವರೆಗೆ ತೆಂಗಿನಕಾಯಿ ತುಂಬಿದ ಪಿಕಪ್ಪಿನಲ್ಲಿ ಬಂದ. ಅಲ್ಲಿಂದ ಮೀನು ಖಾಲಿ ಮಾಡಿ ವಾಪಸು ಹೊರಟ ಟೆಂಪೋದ ಹಿಂದೆ, ಟಾರ್ಪಾಲಿನ ಕೆಳಗೆ ಬಂಗುಡೆ ಮೀನಿನ ಹಾಗೆ ಮಲಗಿದ. ಸಂಜೆ ಉಪ್ಪುಂದದಲ್ಲಿ ಇಳಿಯುವಾಗ ಬಂದರಿನ ಎಲ್ಲ ಬೆಕ್ಕುಗಳೂ ಅವನ ಬೆನ್ನು ಹತ್ತಿದವು.

ಅವನು ಕೆಲಸ ಮಾಡುವ ಐಸ್ ಪ್ಲಾಂಟು ಚಂದಯ್ಯನ ಶೆಡ್ಡಿಗೆ ತಾಗಿಕೊಂಡೇ ಇದೆ. ಹಿಂದಿನ ಬಾಗಿಲ ಬೀಗದ ಕೈ ಅವನ ಹತ್ತಿರವೇ ಇತ್ತು. ಮೀನಿನ ಕ್ರೇಟುಗಳನ್ನು ಜೋಡಿಸಿಟ್ಟ ಕೋಣೆಗೆ ನುಗ್ಗಿ, ಕ್ರೇಟುಗಳ ಹಿಂದೆ ಕುಕ್ಕರಗಾಲಲ್ಲಿ ಕೂತು, ಮೊಬೈಲ್ ತೆರೆದ. ಆಟಗಾರರು ಸಾಲಾಗಿ ಮೈದಾನಕ್ಕೆ ಬರುತ್ತಿದ್ದರು. ಕೊನೆಯಲ್ಲಿ ಅಜಿತ್, ಕೈಗೆ ಗವಸು ಹಾಕಿಕೊಂಡು, ಪಿಚ್ಚಿನ ಅಂಚನ್ನು ಮುಟ್ಟಿ ಹಣೆಗೆ ಒತ್ತಿಕೊಂಡ. ಪ್ರೇಮಾನಂದನಿಗೆ ಮೊಬೈಲಿನ ಪರದೆ ಮಂಜಾಯಿತು. ಅಂಗಿಯಿಂದ ಒರೆಸಿ ನೋಡಿದರೆ ಮಂಜಾದದ್ದು ಪರದೆಯಲ್ಲ.

ಮೊಬೈಲಿನ ಮ್ಯಾಚು ಟೀವಿಯ ಮ್ಯಾಚಿಗಿಂತ ಅರ್ಧ ನಿಮಿಷ ಹಿಂದೆ ಓಡುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ವಿರಾಮಕ್ಕೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ ಪಕ್ಕದ ಶೆಡ್ಡಿನಲ್ಲಿ ಇಡೀ ಊರು ಒಟ್ಟಿಗೆ ನರಳಿತು. ಇವನ ಮೊಬೈಲಿನಲ್ಲಿ ಅಜಿತ್ ನೆಮ್ಮದಿಯಾಗಿ ನೀರು ಕುಡಿಯುತ್ತಿದ್ದ. ಕರೆಂಟು ಹೋಗಿರಬೇಕು ಎಂದುಕೊಂಡ ಪ್ರೇಮಾನಂದ. ಅಷ್ಟರಲ್ಲಿ ಇಲ್ಲಿಯೂ ಹಳದಿಯವನೊಬ್ಬ ನುಗ್ಗಿ ಬಂದ, ಅಜಿತ್ ಎಡಕ್ಕೆ ಬಿದ್ದ, ಚೆಂಡು ಬಲಕ್ಕೆ ಹೋಯಿತು.

“ಬಲ್ದಿ ಬದಿಗ್ ಬೀಳ್ಕಿತ್ತ್ ಅಲ್ದನಾ ಮಗಾ,” ಎಂದು ಪ್ರೇಮಾನಂದ ಬೊಬ್ಬೆ ಹೊಡೆದ.

ಶೆಡ್ಡಿನಲ್ಲಿ ಆ ಹೊತ್ತಿಗೆ ಎಲ್ಲರೂ ನರಳಿ ಮುಗಿಸಿ, ಶೋಕಸಭೆಯಲ್ಲಿ ಕೂತವರ ಹಾಗೆ ಮೌನವಾಗಿದ್ದರು. ಗೋಡೆಯಾಚೆಯ ಬೊಬ್ಬೆ ಪ್ರತಿಯೊಬ್ಬರಿಗೂ ಕೇಳಿತು.

ಚಂದಯ್ಯ ಟಾರ್ಚು ಹಿಡಿದು ಬಂದು ಕ್ರೇಟುಗಳನ್ನು ಸರಿಸಿದ. ಹಿಂದೆ ಜನ, ಅವರ ನಡುವೆ ಕುಸುಮಾವತಿಯೂ.

“ಹ್ವಾಯ್, ನೀ ಕೆರಾಡ್ಯಗ್ ಇಪ್ಪುದ್ ಅಲ್ದಾ?”

“ಆಗ್ಳಿಕ್ ಅಲ್ಲೇ ಇದ್ದಿದ್ದೆ ಚಂದಣ್ಣ,” ಎಂದ ಪ್ರೇಮಾನಂದ. ಅದು ಸುಳ್ಳಲ್ಲ.

ಮ್ಯಾಚು ಮುಗಿಯುವವರೆಗೆ ಇವನನ್ನು ಐಸಿನ ಕೋಣೆಯಲ್ಲಿ ಕೂಡಿಹಾಕಬೇಕು ಎಂದು ಕೆಲವರು ಹೇಳಿದರು. ಒಡಹುಟ್ಟಿದವನಲ್ಲವೇ, ಶೀತವಾಗದ ಹಾಗೆ ಒಂದು ಕಂಬಳಿ ಕೊಡಿ ಎಂದು ಕುಸುಮಾವತಿ ಕೇಳಿಕೊಂಡಳು. ಆಗ ಮಂಜಯ್ಯ ಬಾಯಿ ತೆರೆದ. ಮಂಜಯ್ಯ ಬೊಂಬಾಯಿಯಲ್ಲಿ ಕ್ಯಾಂಟೀನು ನಡೆಸಿ ಬಂದವನು; ಹಾಗಾಗಿ ಚಹಾ ಬಿಟ್ಟು ಉಳಿದೆಲ್ಲ ವಿಷಯದಲ್ಲೂ ಊರಿನವರು ಅವನ ಮಾತು ಕೇಳುತ್ತಿದ್ದರು.

“ಇವ ಯಾರ್ ಬದಿಗ್ ನಿತ್ತ್ರೂ ಅವ್ರ್ ಸೋಲ್ತ್ರ್ ಅಲ್ದಾ? ಹಾಂಗಾರೆ ಇವ್ನ ಹೊರ್ಗ್ ಎಂತಕ್ ಹಾಕುದ್? ಆಚಿ ಬದಿಗ್ ನಿಲ್ಸುವ.”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೀಸನ್ ಪೂರ್ತಿ ಇದು ತನಗೆ ಯಾಕೆ ಹೊಳೆಯಲಿಲ್ಲ ಎಂದು ಚಂದಯ್ಯ ಹಣೆ ಚಚ್ಚಿಕೊಂಡ.

ಹಳದಿ ಜರ್ಸಿ ಊರಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ಇದ್ದದ್ದು ಚಂದಯ್ಯ ಮಳೆಗಾಲದಲ್ಲಿ ದೋಣಿಗೆ ಹಾಕಿಕೊಂಡು ಹೋಗುವ ಹಳದಿ ರೈನ್‌ಕೋಟು. ದಪ್ಪ ರಬ್ಬರಿನದು, ಮಂಡಿಯವರೆಗೆ ಬರುವಂಥದ್ದು. ಹೊರಗೆ ಎಲೆ ಅಲುಗದ ಸೆಕೆ. ಶೆಡ್ಡಿನೊಳಗೆ ತಗಡಿನ ಮಾಡು. ಪ್ರೇಮಾನಂದನಿಗೆ ಅದನ್ನು ತೊಡಿಸಿ, ಗುಂಡಿ ಹಾಕಿ, ತಲೆಗೆ ಟೊಪ್ಪಿಯನ್ನೂ ಎಳೆದು, ಎಲ್ಲರಿಗಿಂತ ಮುಂದೆ ಕುರ್ಚಿಯಲ್ಲಿ ಕೂರಿಸಿದರು. ನೆರೆಮನೆಯ ನವ್ಯಶ್ರೀ ಮೊಬೈಲಿನಲ್ಲಿ ವಿಡಿಯೋ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಿದಳು.

ದ್ವಿತೀಯಾರ್ಧ ಶುರುವಾಯಿತು. ಪ್ರೇಮಾನಂದ ಸತ್ತ ದನಿಯಲ್ಲಿ ಹಳದಿಯವರಿಗೆ ಜೈ ಎಂದ. ಹಿಂದಿನಿಂದ ಚಂದಯ್ಯ ಕೋಟಿನ ಕಾಲರು ಹಿಡಿದು ಅಲ್ಲಾಡಿಸಿದ.

“ಬಾಯಿ ಮಾತಗ್ ಹೇಳ್ರ್ ಆಪ್ದಿಲ್ಲೆ. ಮನ್ಸಂದ್ ಹೇಳ್ಕ್.”

ಪ್ರೇಮಾನಂದ ದನಿ ಏರಿಸಿದ. ಏರಿಸಿದ್ದೇ ತಡ, ನೀಲಿಯವರು ಗೋಲು ಹೊಡೆದು ಸಮ ಮಾಡಿದರು. ಶೆಡ್ಡಿನ ತಗಡು ಹಾರಿಹೋಗುವಷ್ಟು ಗದ್ದಲವಾಯಿತು. ಪ್ರೇಮಾನಂದನೂ ಕುರ್ಚಿಯಿಂದ ಹಾರಿದ. ಚಂದಯ್ಯ ಅವನ ಭುಜ ಒತ್ತಿ ಕೂರಿಸಿದ.

“ನೀ ಎಂತಕ್ ಕುಣುದ್? ನಿಂಗ್ ಬೇಜಾರ್ ಆಯ್ಕ್.”

ಪ್ರೇಮಾನಂದ ಬೇಜಾರು ಮಾಡಿಕೊಂಡ. ರೈನ್‌ಕೋಟಿನ ಒಳಗೆ ಬೆವರು ಹರಿದು ಚಪ್ಪಲಿಯಲ್ಲಿ ನಿಲ್ಲುತ್ತಿತ್ತು. ಬೇಜಾರಿಗೆ ನಟನೆ ಬೇಕಾಗಲಿಲ್ಲ.

ಆಟ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ ಹಳದಿಯವರಿಗೆ ಪೆನಾಲ್ಟಿ ಸಿಕ್ಕಿತು. ಕುಸುಮಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಟೀವಿಯ ತುಂಬ ಅಜಿತನ ಮುಖ. ಈ ಹುಡುಗ ಹೆದರಿದರೆ ಕೆಳತುಟಿ ಕಚ್ಚುತ್ತಾನೆ ಎಂದು ಆ ಶೆಡ್ಡಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಹೆತ್ತವಳಿಗೆ ಮತ್ತು ಬೆಂಡು ಎಸೆದವನಿಗೆ. ಅಜಿತ್ ಕೆಳತುಟಿ ಕಚ್ಚಿದ್ದ.

ಬಲಕ್ಕೆ ಬೀಳು ಎಂದು ಕೂಗಲು ಪ್ರೇಮಾನಂದನ ನಾಲಿಗೆ ತುದಿಗೆ ಬಂತು. ಆಗಲೇ ಅವನಿಗೆ ಭಯವಾಯಿತು. ಇಡೀ ಸೀಸನ್ ಊರು ಹೇಳಿದ್ದನ್ನು ಅವನೂ ಯಾವಾಗಲೋ ನಂಬಿಬಿಟ್ಟಿದ್ದ. ತಾನು ಹುಡುಗನ ಪರ ನಿಂತರೆ ಹುಡುಗ ಸೋಲುತ್ತಾನೆ. ಅವನು ಎದ್ದು ನಿಂತ, ಕಣ್ಣು ಗಟ್ಟಿಯಾಗಿ ಮುಚ್ಚಿದ, ಎರಡೂ ಕೈ ಜೋಡಿಸಿದ.

“ಹೊಡಿ ಮಾರಾಯ. ಗೋಲ್ ಹೊಡಿ. ಅವ್ನ ಕೈಗ್ ಸಿಕ್ಕುಕಾಗ,” ಎಂದ. ಅದು ಎಷ್ಟು ಒಳಗಿನಿಂದ ಬಂತೆಂದರೆ, ಅಕ್ಕ ಟೀವಿ ಬಿಟ್ಟು ಅವನನ್ನು ದುರುಗುಟ್ಟಿ ನೋಡಿದಳು.

ಶೆಡ್ಡು ಸಿಡಿಯಿತು. ಪ್ರೇಮಾನಂದ ಕಣ್ಣು ತೆರೆದಾಗ ಟೀವಿ ಕಾಣಲಿಲ್ಲ. ಹಿಂದಿದ್ದವರೆಲ್ಲ ಮುನ್ನುಗ್ಗಿದ್ದರು, ಮುಂದೆ ಬರೀ ಕುಣಿಯುವ ಬೆನ್ನುಗಳು. ಅಜಿತ್ ಬಲಕ್ಕೆ ಬಿದ್ದು ಚೆಂಡು ಹಿಡಿದನಂತೆ. ಹಿಡಿದವನೇ ಎದ್ದು ದೂರಕ್ಕೆ ಒದ್ದನಂತೆ. ಅದು ನೀಲಿಯವನ ಕಾಲಿಗೆ ಸಿಕ್ಕಿ ಆಚೆ ತುದಿಯಲ್ಲಿ ಗೋಲಾಯಿತಂತೆ. ಸೀಟಿ ಊದಿ, ಬೆಂಗಳೂರು ಲೀಗ್ ಗೆದ್ದಿತಂತೆ. ಎಲ್ಲವನ್ನೂ ಅವನು ಬೆನ್ನುಗಳ ಬಾಯಿಂದ ಕೇಳಿ ತಿಳಿದುಕೊಂಡ. ರೀಪ್ಲೇ ಆದರೂ ತೋರಿಸಿ ಎಂದು ಬೇಡಿದ. ಟ್ರೋಫಿ ಕೈಗೆ ಬರುವವರೆಗೆ ಯಾವುದನ್ನೂ ನಂಬುವ ಹಾಗಿಲ್ಲ ಎಂದು ಚಂದಯ್ಯ ಟೀವಿಗೆ ಅಡ್ಡ ನಿಂತ.

ಪಟಾಕಿ ಹೊಡೆದು ಮುಗಿಯುವ ಹೊತ್ತಿಗೆ ಅಜಿತನ ವಿಡಿಯೋ ಕಾಲ್ ಬಂತು. ಕುಸುಮಾವತಿ ಅತ್ತಳು, ಚಂದಯ್ಯ ಅಡ್ಡ ಬಂದು ಕೈಬೀಸಿದ, ಮಂಜಯ್ಯ ತನ್ನ ಸಲಹೆಯಿಂದಲೇ ಗೆದ್ದದ್ದು ಎಂದು ವಿವರಿಸಲು ನೋಡಿದ. ಅಜಿತ್ ಯಾರ ಮಾತನ್ನೂ ಕೇಳದೆ ಮಾವನಿಗೆ ಕೊಡಿ ಎಂದ.

ಪ್ರೇಮಾನಂದ ರೈನ್‌ಕೋಟಿನಲ್ಲೇ ಮೊಬೈಲ್ ಹಿಡಿದ. ನವ್ಯಶ್ರೀಯ ವಿಡಿಯೋವನ್ನು ಅಜಿತ್ ನೋಡಿದ್ದಾನೆ ಎಂದು ಕೇಳುತ್ತಲೇ ಅವನು ತಲೆಯ ಟೊಪ್ಪಿಯನ್ನು ಹಿಂದಕ್ಕೆ ಸರಿಸಿದ. ಹುಡುಗನ ಎದುರಾಳಿಗೆ ಜೈ ಎಂದದ್ದಕ್ಕೆ ಏನು ಹೇಳುವುದು ಎಂದು ತಡಕಾಡಿದ. ಅಜಿತ್ ಮಾತ್ರ ನಗುತ್ತಿದ್ದ.

“ನಿಮ್ಗ್ ಹ್ಯಾಂಗ್ ಗೊತ್ತಾಯ್ತ್ ಮಾವ? ಮುಂದಿನ್ ಸೀಸನ್ ನಾ ಕೊಚ್ಚಿಗ್ ಆಡುದ್. ಸಹಿ ಹಾಕಿ ಆಯ್ತ್. ಫೈನಲ್ ಮುಗುವಲ್ಲಿವರಿಗ್ ಯಾರಿಗೂ ಹೇಳುಕಾಗ ಅಂದಿದ್ರ್, ಅಮ್ಮಂಗೂ ಹೇಳ್ಲಿಲ್ಲೆ. ನೀವ್ ಒಬ್ರೇ ಹಳ್ದಿ ಹಾಯ್ಕಂಡ್ ಕೂಕಂಡದ್ ಕಂಡ್ ನಂಗ್ ಮಾತೇ ಬರ್ಲಿಲ್ಲೆ.”

ಕಾಲ್ ಕಡಿದ ಮೇಲೂ ಪ್ರೇಮಾನಂದ ಮೊಬೈಲನ್ನು ಮುಖದ ಮುಂದೆ ಹಿಡಿದುಕೊಂಡೇ ನಿಂತಿದ್ದ. ಆಮೇಲೆ ನಿಧಾನಕ್ಕೆ ಕುರ್ಚಿಯಲ್ಲಿ ಕೂತು, ರೈನ್‌ಕೋಟನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡ. ಸೆಕೆ ಗೊತ್ತಾಗಲಿಲ್ಲ. ಬರುವ ವರ್ಷ ಇದೇ ಹಳದಿ, ಇದೇ ಮುಂದಿನ ಕುರ್ಚಿ. ಮನಸ್ಸಿನಿಂದ ಹೇಳು ಎಂದು ಯಾರೂ ಕಾಲರು ಹಿಡಿಯುವ ಕೆಲಸವಿಲ್ಲ. ಕಣ್ಣು ಬಿಟ್ಟುಕೊಂಡೇ ಹುಡುಗನ ಆಟ ನೋಡಬಹುದು.

ಅಜಿತನ ಮಾತು ಕೇಳಿಸಿಕೊಂಡ ಶೆಡ್ಡಿನವರೆಲ್ಲ ಒಂದೇ ವಿಷಯ ಯೋಚಿಸುತ್ತಿದ್ದರು, ಎಲ್ಲರಿಗಿಂತ ಮೊದಲು ಯೋಚಿಸಿ ಮುಗಿಸಿದವನು ಚಂದಯ್ಯ. ಅವನು ಎದ್ದು, ಸೊಂಟದಿಂದ ಬೀಗದ ಕೈ ತೆಗೆದು, ಮೂಲೆಯ ಟ್ರಂಕು ತೆರೆದ. ಮಡಿಕೆ ಬಿಚ್ಚದ ನೀಲಿ ಜರ್ಸಿಯನ್ನು ಕೊಡವಿ ಪ್ರೇಮಾನಂದನ ಮಡಿಲಿಗೆ ಹಾಕಿದ.

“ಕೋಟ್ ಬಿಚ್ಚ್ ಪ್ರೇಮ. ಇನ್ಮೇಲ್ ನೀ ಬೆಂಗ್ಳೂರ್.”

ಸೀಸನ್ ಇಡೀ ತೊಡಬೇಕೆಂದು ಒದ್ದಾಡಿದ ಅಂಗಿ. ಪ್ರೇಮಾನಂದ ಅದನ್ನು ಮಡಿಲಲ್ಲಿ ತಿರುವಿ ಬೆನ್ನಿನ ಮೇಲಿನ ಹೆಸರು ನೋಡಿದ. ಅಷ್ಟರಲ್ಲಿ ಮಂಜಯ್ಯನೂ ಅದನ್ನು ನೋಡಿದ. ಸೋಲಬೇಕಾದ ಅಂಗಿಯ ಮೇಲೆ ನಮ್ಮ ಹುಡುಗನ ಹೆಸರು ಇರಬಾರದು ಎಂದು ಹೇಳಿ, ಬಲೆ ಕೊಯ್ಯುವ ಬ್ಲೇಡು ಎಲ್ಲಿದೆ ಎಂದು ಹುಡುಕಲು ಎದ್ದ.